ಪೋಲ್ಕ್ ದಿನಚರಿ: ಅಧ್ಯಕ್ಷನ ಆಡಳಿತಕ್ಕೆ ಅಧ್ಯಕ್ಷನೇ ಸಾಕ್ಷಿ ಆಗಬಹುದೇ?

ಜೇಮ್ಸ್ ನಾಕ್ಸ್ ಪೋಲ್ಕ್ ಅಮೆರಿಕದ 11ನೆಯ ಅಧ್ಯಕ್ಷ. 1845ರ ಮಾರ್ಚ್ 4ರಂದು ಅಧಿಕಾರ ಹಿಡಿದು, ಒಂದೇ ಅವಧಿ ಸಾಕು ಎಂದು ಮೊದಲೇ ಹೇಳಿ, ಹೇಳಿದಂತೆ ನಾಲ್ಕೇ ವರ್ಷಕ್ಕೆ ಮನೆಗೆ ಹೋದವರು. ಓರೆಗಾನ್, ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೊ ದೇಶದ ಭೂಪಟದೊಳಗೆ ಬಂದದ್ದು ಅವರ ಕಾಲದಲ್ಲಿ. ಅಷ್ಟಾದರೂ ವಾಷಿಂಗ್ಟನ್, ಲಿಂಕನ್, ರೂಸ್‌ವೆಲ್ಟ್ ಎಂದು ಎಣಿಸುವವರ ಬಾಯಲ್ಲಿ ಪೋಲ್ಕ್ ಹೆಸರು ಬರುವುದಿಲ್ಲ. ಇತಿಹಾಸಕಾರರು ಮಾತ್ರ ಅವರನ್ನು ಮೇಲಿಡುತ್ತ ಬಂದಿದ್ದಾರೆ: 1948ರ ಸಮೀಕ್ಷೆಯಲ್ಲಿ 10ನೆಯ ಸ್ಥಾನ, 1962ರದ್ದರಲ್ಲಿ 8ನೆಯದು. ಈ ಮರುಮೌಲ್ಯಮಾಪನದ ಬೆನ್ನಿಗಿರುವುದು 1910ರಲ್ಲಿ ಷಿಕಾಗೋ ಇತಿಹಾಸ ಸಂಘಕ್ಕಾಗಿ ಮಿಲೊ ಮಿಲ್ಟನ್ ಕ್ವೇಫ್ ಸಂಪಾದಿಸಿದ, ನಾಲ್ಕು ಸಂಪುಟಗಳ ಪೋಲ್ಕ್ ದಿನಚರಿ. ಅಧ್ಯಕ್ಷಗಿರಿಯ ಕಷ್ಟಗಳನ್ನು ಅಧಿಕಾರದಲ್ಲಿದ್ದಾಗಲೇ ಇಷ್ಟು ಬಿಡದೆ ಬರೆದಿಟ್ಟವರು ಕಡಿಮೆ. ಪೋಲ್ಕ್ ಆಡಳಿತವನ್ನು ತೂಗುವಾಗ ಈ ದಿನಚರಿಯನ್ನೇ ಮುಖ್ಯ ಸಾಕ್ಷಿಯಾಗಿ ಹಿಡಿಯಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ: ಅವತ್ತಿನದನ್ನು ಅವತ್ತೇ ಬರೆದದ್ದು

ರಾಜಕಾರಣಿಗಳ ಆತ್ಮಕಥೆಯನ್ನು ಓದುವಾಗ ಒಂದು ಅನುಮಾನ ಬೆನ್ನು ಬಿಡುವುದಿಲ್ಲ. ಆಟ ಮುಗಿದು, ಗೆದ್ದವರು ಸೋತವರು ಯಾರೆಂದು ತಿಳಿದ ಮೇಲೆ ಬರೆದದ್ದಲ್ಲವೇ ಇದು? ಹಾಗಾಗಿ ತಪ್ಪು ನಿರ್ಧಾರಗಳೆಲ್ಲ ಬೇರೆಯವರ ಸಲಹೆಯಿಂದ ಆಗಿರುತ್ತವೆ, ಸರಿಯಾದವು ಲೇಖಕರದೇ ಆಗಿರುತ್ತವೆ. ಪೋಲ್ಕ್‌ಗೆ ಹಾಗೆ ಕೂತು ಬರೆಯುವ ಕಾಲ ಸಿಗಲೇ ಇಲ್ಲ. ಅಧಿಕಾರ ಬಿಟ್ಟು 103 ದಿನಕ್ಕೆ, 1849ರ ಜೂನ್ 15ರಂದು, ನ್ಯಾಶ್‌ವಿಲ್‌ನ ಮನೆಯಲ್ಲಿ ಕಾಲರಾ ತಗಲಿ ತೀರಿಕೊಂಡರು. ಆಗ ವಯಸ್ಸು 53. ದಿನಚರಿಯ ಕೊನೆಯ ಬರಹ ಜೂನ್ 2ರದ್ದು. ಹಳೆಯ ಪುಟಗಳನ್ನು ತಿರುವಿ ಹಾಕಿ, ಮುಂದಿನದು ಗೊತ್ತಿದ್ದವರಂತೆ ತಿದ್ದಿ, ನಯಗೊಳಿಸಿ ಅಚ್ಚಿಗೆ ಕೊಡುವ ಅವಕಾಶ ಅವರಿಗೆ ಇರಲಿಲ್ಲ.

ದಿನಚರಿ ಶುರುವಾದ ಬಗೆಯನ್ನು ಅವರೇ ಬರೆದಿದ್ದಾರೆ. 1845ರ ಆಗಸ್ಟ್ 26ರಂದು ಸಂಪುಟ ಸಭೆಯಲ್ಲಿ, ಅಮೆರಿಕವೂ ಬ್ರಿಟನ್ನೂ ತಮ್ಮದೆನ್ನುತ್ತಿದ್ದ ಓರೆಗಾನ್ ಗಡಿಯ ಮಾತು. 49ನೆಯ ಅಕ್ಷಾಂಶಕ್ಕೆ ಗಡಿ ಒಪ್ಪುತ್ತೇವೆಂದು ಅಮೆರಿಕ ಜುಲೈಯಲ್ಲಿ ಹೇಳಿದ್ದನ್ನು ಬ್ರಿಟಿಷ್ ರಾಯಭಾರಿ ಪಾಕೆನ್‌ಹ್ಯಾಮ್ ಲಂಡನ್ನಿಗೂ ಕಳಿಸದೆ ತಿರಸ್ಕರಿಸಿದ್ದರು. ಹಾಗಾದರೆ ಆ ಪ್ರಸ್ತಾವವನ್ನೇ ವಾಪಸು ಪಡೆಯೋಣ ಎಂದರು ಪೋಲ್ಕ್. ಮೆಕ್ಸಿಕೊ ಜೊತೆಗಿನ ತಕರಾರು ತಿಳಿಯಾಗುವವರೆಗೆ ತಡೆಯೋಣ ಎಂದರು ವಿದೇಶಾಂಗ ಮಂತ್ರಿ ಬ್ಯುಕಾನನ್. ನಮ್ಮ ಕರ್ತವ್ಯ ನಾವು ಮಾಡೋಣ, ಉಳಿದದ್ದು ದೇವರಿಗೂ ದೇಶಕ್ಕೂ ಬಿಟ್ಟದ್ದು ಎಂದು ಪೋಲ್ಕ್ ಹೇಳಿದಾಗ, 49ರ ಉತ್ತರದ ನೆಲಕ್ಕಾಗಿ ಯುದ್ಧಕ್ಕಿಳಿದರೆ ಅದನ್ನು ಸಮರ್ಥಿಸುವ ಕೆಲಸದಲ್ಲಿ ದೇವರ ಪಾಲು ಹೆಚ್ಚೇನೂ ಇರಲಾರದು ಎಂದು ಬ್ಯುಕಾನನ್ ತಿರುಗೇಟು ಕೊಟ್ಟರು. ಆ ಸಂಜೆಯೇ ಪೋಲ್ಕ್ ಈ ಮಾತುಕತೆಯನ್ನು ಬರೆದಿಟ್ಟರು. ಹೀಗೆ ಬರೆಯುವ ಅಭ್ಯಾಸ ಬೇಕೆಂದು ತೋರಿದ್ದು ಆವತ್ತೇ ಎಂದು ಸರಿಯಾಗಿ ಒಂದು ವರ್ಷದ ಮೇಲೆ, 1846ರ ಆಗಸ್ಟ್ 26ರ ಪುಟದಲ್ಲಿ ದಾಖಲಿಸಿದರು. ಗಮನಿಸಬೇಕಾದ್ದು ಇದು: ಆ ದಿನದ ಅತ್ಯಂತ ಚುರುಕಾದ ಮಾತು ಎದುರಾಳಿಯದು, ಮತ್ತು ಅದು ಪೋಲ್ಕ್ ಕೈಬರಹದಲ್ಲೇ ಉಳಿದಿದೆ. ತಾನೊಬ್ಬನೇ ಗೆಲ್ಲಬೇಕೆಂದು ಬರೆಯುವವರು ಇಂಥದ್ದನ್ನು ಬಿಟ್ಟುಬಿಡುತ್ತಿದ್ದರು.

ಸಂಪುಟ ಸೇರುತ್ತಿದ್ದದ್ದು ಮಂಗಳವಾರ ಮತ್ತು ಶನಿವಾರ. ಯಾರು ಬಂದಿದ್ದರು, ಯಾರು ಬರಲಿಲ್ಲ, ಯಾವ ಪ್ರಶ್ನೆಗೆ ಯಾರು ಏನೆಂದರು, ಎಷ್ಟು ಗಂಟೆಗೆ ಎದ್ದರು ಎಂಬುದೆಲ್ಲ ದಿನಚರಿಯಲ್ಲಿ ಸಿಗುತ್ತದೆ. ಆಗ ಸಂಪುಟಕ್ಕೆ ಅಧಿಕೃತ ನಡಾವಳಿ ಪುಸ್ತಕ ಎಂಬುದೇ ಇರಲಿಲ್ಲ. ಆದ್ದರಿಂದ 1846ರ ಮೇ 9, ಶನಿವಾರದ ಪುಟಕ್ಕೆ ಸಮನಾದದ್ದು ಬೇರೆಲ್ಲೂ ಇಲ್ಲ. ಆ ದಿನ ಮಧ್ಯಾಹ್ನದ ಸಭೆಯಲ್ಲಿ ಪೋಲ್ಕ್ ಮೆಕ್ಸಿಕೊ ಮೇಲೆ ಯುದ್ಧ ಸಾರುವಂತೆ ಕಾಂಗ್ರೆಸ್ಸಿಗೆ ಸಂದೇಶ ಕಳಿಸುವ ಪ್ರಸ್ತಾವ ಇಟ್ಟರು. ಕಾರಣಗಳಾಗಿ ಅವರ ಕೈಯಲ್ಲಿದ್ದದ್ದು ಮೆಕ್ಸಿಕೊ ತೀರಿಸದ ಪರಿಹಾರದ ಬಾಕಿ ಮತ್ತು ಅಮೆರಿಕದ ದೂತ ಸ್ಲೈಡೆಲ್‌ರನ್ನು ಒಳಗೆ ಬಿಟ್ಟುಕೊಳ್ಳದ ಅವಮಾನ, ಅಷ್ಟೇ. ಮೆಕ್ಸಿಕೊ ಕಡೆಯಿಂದ ಗುಂಡು ಹಾರಿದ ಸುದ್ದಿ ಇನ್ನೂ ಬಂದಿರಲಿಲ್ಲ. ನೌಕಾಮಂತ್ರಿ ಬ್ಯಾಂಕ್ರಾಫ್ಟ್ ಒಪ್ಪಲಿಲ್ಲ. ಮೆಕ್ಸಿಕೊದವರು ಮೊದಲು ಕೈಮಾಡಲಿ ಎಂದರು. ಬ್ಯುಕಾನನ್ ಒಪ್ಪಿದರೂ, ಮೆಕ್ಸಿಕೊ ಸೇನೆಯಿಂದ ಏನಾದರೂ ಆಗಿದ್ದರೆ ಮನಸ್ಸಿಗೆ ಇನ್ನಷ್ಟು ಸಮಾಧಾನವಿರುತ್ತಿತ್ತು ಎಂದರು. ಸುಮಾರು ಎರಡು ಗಂಟೆಗೆ ಸಭೆ ಎದ್ದಿತು. ಸಂಜೆ ಆರರ ಹೊತ್ತಿಗೆ ಸೇನೆಯ ಅಡ್ಜುಟಂಟ್ ಜನರಲ್ ಟಪಾಲು ಹಿಡಿದು ಬಂದರು: ರಿಯೊ ಗ್ರಾಂಡೆ ನದಿಯ ಬಳಿ ಜನರಲ್ ಟೇಲರ್‌ರ ತುಕಡಿಯ ಮೇಲೆ ದಾಳಿಯಾಗಿದೆ. ಏಳೂವರೆಗೆ ಸಂಪುಟ ಮತ್ತೆ ಸೇರಿತು. ಈಗ ಎಲ್ಲರದೂ ಒಂದೇ ದನಿ.

ಸುದ್ದಿಗೆ ಮುಂಚೆಯೇ ಯುದ್ಧದ ತೀರ್ಮಾನವಾಗಿತ್ತು ಎಂಬ ಆರೋಪಕ್ಕೆ ಇವತ್ತಿಗೂ ಎತ್ತಿ ತೋರಿಸುವ ಅತಿ ಬಲವಾದ ಆಧಾರ ಇದೇ ಪುಟ. ಅದನ್ನು ಒದಗಿಸಿದ್ದು ಸ್ವತಃ ಆರೋಪಿ. ಸಾಕ್ಷಿಯ ನಂಬಿಕೆಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ?

ಕಷ್ಟದ ನಿರ್ಧಾರದ ಒಳಗಿನ ಲೆಕ್ಕಾಚಾರ ಹೇಗಿರುತ್ತದೆಂದು ನೋಡಬೇಕಾದರೆ 1848ರ ಫೆಬ್ರವರಿಗೆ ಬನ್ನಿ. ಮೆಕ್ಸಿಕೊದಲ್ಲಿ ಸಂಧಾನ ಮಾಡುತ್ತಿದ್ದ ನಿಕೊಲಸ್ ಟ್ರಿಸ್ಟ್‌ರನ್ನು ವಾಪಸು ಕರೆಸುವ ಆದೇಶ 1847ರ ಅಕ್ಟೋಬರ್ 6ರಂದು ಹೊರಟಿತ್ತು. ಅವರ ಕೈಗೆ ತಲುಪಿದ್ದು ನವೆಂಬರ್ 16ಕ್ಕೆ. ಮೆಕ್ಸಿಕೊವರೆಗೆ ತಂತಿಯಿಲ್ಲದ ಕಾಲ, ಆದೇಶಕ್ಕೂ ಅದರ ಪಾಲನೆಗೂ ನಡುವೆ ನಲವತ್ತು ದಿನದ ಕಡಲು ಮತ್ತು ಕಾಡು. ಟ್ರಿಸ್ಟ್ ಆದೇಶ ಧಿಕ್ಕರಿಸಿ, 65 ಪುಟಗಳ ಸಮರ್ಥನೆ ಬರೆದು ಕಳಿಸಿ, 1848ರ ಫೆಬ್ರವರಿ 2ರಂದು ಗ್ವಾದಲೂಪೆ ಹಿದಾಲ್ಗೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. 19ರ ರಾತ್ರಿ ಅದು ಪೋಲ್ಕ್ ಮೇಜಿಗೆ ಬಂತು. ಅಧಿಕಾರವಿಲ್ಲದವನು ಮಾಡಿದ ಒಪ್ಪಂದ, ಮಾಡಿದವನ ಮೇಲೆ ಕೆಂಡದಂಥ ಸಿಟ್ಟು. ಸಂಪುಟದಲ್ಲಿ ಬ್ಯುಕಾನನ್ ಮತ್ತು ಖಜಾನೆ ಮಂತ್ರಿ ವಾಕರ್ ಇನ್ನೂ ಹೆಚ್ಚು ನೆಲ ಬೇಕೆಂದು ವಿರೋಧಿಸಿದರು. ಪೋಲ್ಕ್ ಸಿಟ್ಟನ್ನು ಬದಿಗಿಟ್ಟು ಬರೆದ ತರ್ಕ ಹೀಗಿದೆ. ಹಿಂದಿನ ಏಪ್ರಿಲ್‌ನಲ್ಲಿ ನಾನೇ ಕೊಟ್ಟ ಷರತ್ತುಗಳಿಗೆ ಇದು ಹೊಂದುತ್ತದೆ. ನನ್ನದೇ ಷರತ್ತನ್ನು ನಾನೇ ತಳ್ಳಿದರೆ, ಈಗ ಒಂದು ಸದನ ವಿರೋಧಿಗಳ ಕೈಯಲ್ಲಿರುವ ಕಾಂಗ್ರೆಸ್ಸು ಮುಂದೆ ಸೈನಿಕರನ್ನೂ ಕೊಡದು, ದುಡ್ಡನ್ನೂ ಕೊಡದು. ಸೇನೆ ಕರಗುತ್ತ ಹೋಗಿ ಕೊನೆಗೆ ನ್ಯೂ ಮೆಕ್ಸಿಕೊ, ಕ್ಯಾಲಿಫೋರ್ನಿಯಾ ಎರಡೂ ಕೈತಪ್ಪಬಹುದು. ಒಪ್ಪಂದವನ್ನು ಸೆನೆಟ್ಟಿಗೆ ಕಳಿಸಿದರು. ಮಾರ್ಚ್ 10ರಂದು 38ಕ್ಕೆ 14 ಮತಗಳಿಂದ ಅಂಗೀಕಾರವಾಯಿತು. ಕೊಟ್ಟ ಹಣ ಒಂದೂವರೆ ಕೋಟಿ ಡಾಲರ್. ಒಬ್ಬ ಆಡಳಿತಗಾರ ತನ್ನ ಸ್ವಂತ ಕೋಪದ ವಿರುದ್ಧ ತೀರ್ಪು ಕೊಡುವುದನ್ನು ಇಷ್ಟು ಹತ್ತಿರದಿಂದ ತೋರಿಸುವ ದಾಖಲೆ ನನಗಂತೂ ಬೇರೆ ಗೊತ್ತಿಲ್ಲ.

ಇನ್ನು ದಿನನಿತ್ಯದ ಕೆಲಸ. ವರ್ಷಕ್ಕೆ 25,000 ಡಾಲರ್ ಸಂಬಳ; ಕಾರ್ಯದರ್ಶಿಗೆಂದು ಸರ್ಕಾರದಿಂದ ಒಂದು ಕಾಸೂ ಇಲ್ಲ. ಸೋದರಳಿಯ ಜೋಸೆಫ್ ನಾಕ್ಸ್ ವಾಕರ್‌ಗೆ ಪೋಲ್ಕ್ ತಮ್ಮ ಕೈಯಿಂದಲೇ ಕೊಟ್ಟು ಇಟ್ಟುಕೊಂಡಿದ್ದರು. ಅದುವರೆಗೆ ಇಲಾಖೆಗಳು ಕಳಿಸಿದ ವೆಚ್ಚದ ಅಂದಾಜುಗಳನ್ನು ಖಜಾನೆ ಒಟ್ಟುಗೂಡಿಸಿ ಕಾಂಗ್ರೆಸ್ಸಿಗೆ ದಾಟಿಸುತ್ತಿತ್ತು, ಅಷ್ಟೇ. ಪೋಲ್ಕ್ ಅದನ್ನು ತಮ್ಮ ಮೇಜಿಗೆ ಎಳೆದರು. ಇಲಾಖೆಯೊಳಗಿನ ಶಾಖಾ ಮುಖ್ಯಸ್ಥರು ಬೇಕಾದ್ದಕ್ಕಿಂತ ಹೆಚ್ಚೇ ಕೇಳುತ್ತಾರೆ, ಕೆಲವೊಮ್ಮೆ ಸಂವಿಧಾನ ಒಪ್ಪದ ಬಾಬತ್ತುಗಳನ್ನೂ ತುರುಕುತ್ತಾರೆ ಎಂಬುದನ್ನು ಕಂಡುಕೊಂಡು, ಮಂತ್ರಿಗಳು ಖುದ್ದಾಗಿ ಕೂತು ಕತ್ತರಿಸಿ ತರಬೇಕೆಂದು ತಾಕೀತು ಮಾಡಿದರು. ಅಧ್ಯಕ್ಷರಿಗೆ ಈ ಅಧಿಕಾರ ಕಾನೂನಿನಲ್ಲಿ ಬಂದದ್ದು 1921ರಲ್ಲಿ. ಸೇನೆಯ ಸರಬರಾಜಿನಲ್ಲೂ ಹೀಗೇ. ಮೆಕ್ಸಿಕೊದಲ್ಲೇ ಹೇಸರಗತ್ತೆಗಳು ಅಗ್ಗಕ್ಕೆ ಸಿಗುತ್ತವೆ, ಅಲ್ಲಿನ ದಾರಿಗಳಿಗೆ ಬೆನ್ನಮೇಲೆ ಹೇರುವುದೇ ಸರಿ. ಅದು ಬಿಟ್ಟು ಇಲ್ಲಿಂದ ಗಾಡಿಗಳ ಸಾಲನ್ನೇ ಸಾಗಿಸುವುದು ಯಾಕೆ ಎಂದು ಸೇನಾ ಸರಬರಾಜು ಮುಖ್ಯಸ್ಥರನ್ನು ಕೂರಿಸಿ ಕೇಳಿದವರು ಅಧ್ಯಕ್ಷರೇ. 1848ರ ಸೆಪ್ಟೆಂಬರ್ ಹೊತ್ತಿಗೆ, ಮಂತ್ರಿಗಳಿಲ್ಲದೆಯೂ ಸರ್ಕಾರ ನಡೆಸುವಷ್ಟು ಅದರ ಸಣ್ಣಪುಟ್ಟ ಕೆಲಸವೂ ತಮಗೆ ಕರತಲಾಮಲಕ ಎಂದು ಬರೆಯುತ್ತಾರೆ. ಜಂಭ ಎನ್ನಿ. ಕಡತಗಳನ್ನು ನೋಡಿದವರಿಗೆ ಅದು ಸುಳ್ಳು ಎನಿಸುವುದಿಲ್ಲ.

ಹುದ್ದೆ ಕೇಳಿಕೊಂಡು ಬರುವವರ ಕಾಟಕ್ಕೆ ದಿನಚರಿಯಲ್ಲಿ ಲೆಕ್ಕವಿಲ್ಲ. ನೇರ ಅರ್ಜಿದಾರರಿಗಿಂತ ಪೋಲ್ಕ್‌ಗೆ ಹೆಚ್ಚು ಅಸಹನೀಯರಾದವರು ಕಾಂಗ್ರೆಸ್ ಸದಸ್ಯರು. ಶಿಫಾರಸು ಪತ್ರಕ್ಕೆ ಸಹಿ ಹಾಕುವುದು, ನೇಮಕವಾದ ಮೇಲೆ ಆಸಾಮಿ ಸರಿಯಿಲ್ಲವೆಂದು ಅಧ್ಯಕ್ಷರನ್ನೇ ದೂರುವುದು, ಕೇಳಿದ್ದು ಕೊಡದಿದ್ದರೆ ಸದನದಲ್ಲಿ ಎದುರು ಮತ ಹಾಕುವುದು. ಸದಸ್ಯರ ಈ ಹುದ್ದೆಯ ಹಸಿವು ಸರ್ಕಾರದ ಕೆಲಸಕ್ಕೇ ಅಡ್ಡಿ ಎಂದು 1846ರಲ್ಲೇ ಬರೆದರು. ಇವುಗಳ ನಡುವೆ 1849ರ ಜನವರಿ 1ರ ಪುಟ ನಗು ತರಿಸುತ್ತದೆ. ಹೊಸವರ್ಷದ ದಿನ ಸಾಲುಗಟ್ಟಿ ಬರುವ ಜನರ ಕೈ ಕುಲುಕಿಯೂ ತೋಳು ನೋಯದಿರುವ ಉಪಾಯವಂತೆ: ಕೈಯನ್ನು ಅವರಿಗೆ ಒಪ್ಪಿಸಬಾರದು, ನಾವೇ ಕುಲುಕಬೇಕು; ಅವರು ಎಷ್ಟು ಬಿಗಿಯಾಗಿ ಹಿಡಿಯುತ್ತಾರೋ ಅಷ್ಟೇ ಬಿಗಿ ನಾವೂ ಹಿಡಿಯಬೇಕು; ಗಟ್ಟಿಮುಟ್ಟಾದ ಆಳು ಬರುತ್ತಿರುವುದು ಕಂಡರೆ ಅವನಿಗಿಂತ ಚುರುಕಾಗಿ ಬೆರಳ ತುದಿಗಳನ್ನಷ್ಟೇ ಹಿಡಿದು ಜೋರಾಗಿ ಅಲ್ಲಾಡಿಸಿ ಬಿಡಬೇಕು, ಪೂರ್ತಿ ಹಿಡಿತ ಸಿಗಗೊಡಬಾರದು. ನಗುವುದೇ ಅರಿಯದ ಮನುಷ್ಯ ಎಂಬ ಹೆಸರಿದ್ದವರು ಬರೆದದ್ದಿದು.

ಸುಂಕ ಇಳಿಸುವುದು, ಸರ್ಕಾರದ ಹಣವನ್ನು ಖಾಸಗಿ ಬ್ಯಾಂಕುಗಳಿಂದ ಬೇರೆಯಾದ ಖಜಾನೆಯಲ್ಲಿಡುವುದು, ಓರೆಗಾನ್ ಇತ್ಯರ್ಥ, ಕ್ಯಾಲಿಫೋರ್ನಿಯಾ: ಹಿಡಿದ ನಾಲ್ಕು ಗುರಿಗಳಲ್ಲಿ ಮೂರು 1846ರ ಬೇಸಿಗೆಯೊಳಗೇ ಮುಗಿದವು, ನಾಲ್ಕನೆಯದು 1848ರಲ್ಲಿ. ಏನು ಮಾಡಿದರು ಎಂಬುದು ಕಾಯ್ದೆ ಪುಸ್ತಕದಲ್ಲಿ ಸಿಗುತ್ತದೆ. ಪ್ರತಿ ಹೆಜ್ಜೆಗೂ ಯಾರು ಕಾಲು ಅಡ್ಡ ಕೊಟ್ಟರು, ಅದನ್ನು ಹೇಗೆ ದಾಟಿದರು ಎಂಬುದು ಸಿಗುವುದು ದಿನಚರಿಯಲ್ಲಿ ಮಾತ್ರ.

ವಿರೋಧ: ಫಿರ್ಯಾದಿಯ ಕಡತವನ್ನು ತೀರ್ಪು ಅನ್ನಬೇಡಿ

ಆ ನಾಲ್ಕು ಗುರಿಗಳಿಂದಲೇ ಶುರು ಮಾಡೋಣ. ಪೋಲ್ಕ್ ಅಭಿಮಾನಿಗಳಿಗೆ ಅದು ಮಂತ್ರವಿದ್ದಂತೆ. ಅಧಿಕಾರಕ್ಕೆ ಬಂದ ಹೊಸತರಲ್ಲಿ ತೊಡೆ ತಟ್ಟಿ ನಾಲ್ಕು ಗುರಿ ಹೇಳಿದರು, ನಾಲ್ಕೂ ಸಾಧಿಸಿದರು. ಇದು ದಿನಚರಿಯಲ್ಲಿಲ್ಲ. ಇರಲೂ ಸಾಧ್ಯವಿಲ್ಲ, ಆಗ ದಿನಚರಿಯೇ ಶುರುವಾಗಿರಲಿಲ್ಲ. ಬ್ಯಾಂಕ್ರಾಫ್ಟ್ ತಮ್ಮ ಮುಪ್ಪಿನಲ್ಲಿ, ಸುಮಾರು ನಾಲ್ಕು ದಶಕದ ಮೇಲೆ, ನೆನಪಿನಿಂದ ಹೇಳಿದ ಮಾತು ಅದು. ನಾಲ್ಕೂ ಗುರಿ ಮುಟ್ಟಿದ್ದು ಗೊತ್ತಿದ್ದವರ ನೆನಪು. ಅಂದರೆ ಆಟ ಮುಗಿದ ಮೇಲೆ ಬರೆದದ್ದನ್ನು ನಂಬಬಾರದು ಎನ್ನುವವರೇ ತಮ್ಮ ವಾದದ ಶಿಖರದಲ್ಲಿ ಇಟ್ಟುಕೊಂಡಿರುವುದು ಅಂಥದ್ದನ್ನೇ.

ದಿನಚರಿ ಶುರುವಾಗುವುದು ಅಧಿಕಾರ ಹಿಡಿದು ಹೆಚ್ಚುಕಡಿಮೆ ಆರು ತಿಂಗಳಾದ ಮೇಲೆ. ಆ ಆರು ತಿಂಗಳಲ್ಲಿ ಏನಾಗಿತ್ತು? 1845ರ ಜೂನ್ 24ರಂದು ಪೆಸಿಫಿಕ್ ನೌಕಾದಳದ ಮುಖ್ಯಸ್ಥ ಸ್ಲೋಟ್‌ಗೆ ಗುಪ್ತ ಆದೇಶ ಹೋಗಿತ್ತು: ಮೆಕ್ಸಿಕೊ ಯುದ್ಧ ಸಾರಿದ್ದು ಖಚಿತವಾದರೆ ಸ್ಯಾನ್ ಫ್ರಾನ್ಸಿಸ್ಕೊ ಹಿಡಿ. ಟೇಲರ್ ಸೇನೆ ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿಗೆ ಬಂದಿಳಿದಿತ್ತು. ಓರೆಗಾನ್ ಪ್ರಸ್ತಾವ ಹೋಗಿ ಮುರಿದುಬಿದ್ದಿತ್ತು. ಪಗಡೆಯ ಕಾಯಿಗಳನ್ನೆಲ್ಲ ಹೂಡಿದ ಮೇಲೆ ತೆರೆ ಎದ್ದಿತು. ಹೂಡಿದ್ದು ಯಾವ ಲೆಕ್ಕಾಚಾರದಿಂದ ಎಂಬುದಕ್ಕೆ ದಿನಚರಿಯಲ್ಲಿ ಉತ್ತರ ಹುಡುಕಿ ಪ್ರಯೋಜನವಿಲ್ಲ.

ಶುರುವಾದ ಕಾರಣವನ್ನೂ ನೆನಪಿಡಬೇಕು. ಪೋಲ್ಕ್ ಸಂಪುಟ ಕಟ್ಟುವಾಗಲೇ ಪ್ರತಿ ಮಂತ್ರಿಗೂ ಒಂದು ಪತ್ರ ಕಳಿಸಿದ್ದರು: ಮುಂದಿನ ಅಧ್ಯಕ್ಷ ಚುನಾವಣೆಗೆ ನಿಲ್ಲುವುದಾದರೆ ಸಂಪುಟ ಬಿಡಬೇಕು. ಬ್ಯುಕಾನನ್ ಕೊಟ್ಟ ಒಪ್ಪಿಗೆ ಅಡ್ಡಗೋಡೆಯ ಮೇಲಿನ ದೀಪ. ಅಂಥ ಮಂತ್ರಿಯ ಜೊತೆ ಜಟಾಪಟಿಯಾದ ಸಂಜೆ, ನಾಳೆ ಬೇಕಾದೀತೆಂದು ಬರೆದಿಟ್ಟ ಟಿಪ್ಪಣಿಯೇ ಈ ದಿನಚರಿಯ ಮೊದಲ ಪುಟ. ಪೋಲ್ಕ್ ವೃತ್ತಿಯಿಂದ ವಕೀಲರು. ಎದುರಾಳಿಯ ಮಾತನ್ನು ನಿಖರವಾಗಿ ದಾಖಲಿಸುವುದು ಉದಾರತೆಯ ಗುರುತಲ್ಲ, ಕಕ್ಷಿಯ ಕಡತ ಕಟ್ಟುವ ಕ್ರಮ. ಓರೆಗಾನ್‌ನಲ್ಲಿ ಮೊದಲು ರಾಜಿ ಎಂದ ಬ್ಯುಕಾನನ್ 1846ರ ಜೂನ್‌ನಲ್ಲಿ ಹಿಂಜರಿಯಬೇಡಿ ಎಂದರು; ಮೆಕ್ಸಿಕೊ ಯುದ್ಧದ ಆರಂಭದಲ್ಲಿ ನೆಲ ಬೇಡ ಎಂದವರು 1848ರಲ್ಲಿ ಇನ್ನಷ್ಟು ಬೇಕು ಎಂದರು; ಎರಡೂ ಅಧ್ಯಕ್ಷಗಿರಿಯ ಆಸೆಗಾಗಿ. ಬ್ಯುಕಾನನ್ ಬಗ್ಗೆ ದಿನಚರಿ ಕಟ್ಟುವ ಪ್ರಕರಣ ಇದು. ನಿಜವೂ ಇರಬಹುದು. ಆದರೆ ಆ ಕೋಣೆಯಲ್ಲಿ ಪೋಲ್ಕ್ ಏನು ಹೇಳಿದರು, ಯಾವ ದನಿಯಲ್ಲಿ ಹೇಳಿದರು ಎಂಬುದಕ್ಕೂ ಪೋಲ್ಕ್ ಅವರೇ ಸಾಕ್ಷಿ. ಆ ಪುಟಗಳಲ್ಲಿ ಅವರು ಯಾವತ್ತೂ ಸಮಾಧಾನಿ, ಯಾವತ್ತೂ ದೃಢ.

ಒಬ್ಬರ ಕಿವಿಯನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ 1849ರ ಮಾರ್ಚ್ 5ರ ಪುಟ ನೋಡಿ. ಯುದ್ಧದಲ್ಲಿ ಸೇನಾಪತಿಯಾಗಿದ್ದ, ಈಗ ಹೊಸ ಅಧ್ಯಕ್ಷರಾದ ಟೇಲರ್ ಜೊತೆ ಒಂದೇ ಸಾರೋಟಿನಲ್ಲಿ ಪ್ರಮಾಣವಚನಕ್ಕೆ ಹೋಗುವಾಗ, ಕ್ಯಾಲಿಫೋರ್ನಿಯಾ ಓರೆಗಾನ್‌ಗಳು ತೀರ ದೂರ, ಒಕ್ಕೂಟದ ರಾಜ್ಯಗಳಾಗುವುದಕ್ಕಿಂತ ತಮ್ಮದೇ ಸರ್ಕಾರ ಮಾಡಿಕೊಳ್ಳುವುದು ಒಳ್ಳೆಯದು ಎಂದು ಟೇಲರ್ ಹೇಳಿದರಂತೆ. ಪೋಲ್ಕ್ ಗಾಬರಿಗೊಂಡು, ಈ ಮುದುಕರು ಒಳ್ಳೆಯವರೇ, ಆದರೆ ವಿದ್ಯೆಯಿಲ್ಲ, ಸಾರ್ವಜನಿಕ ವಿಷಯಗಳ ತಿಳಿವಳಿಕೆಯಿಲ್ಲ, ಸಾಮರ್ಥ್ಯವೂ ಸಾಧಾರಣ ಎಂಬರ್ಥದ ಮಾತು ಬರೆದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾವನ್ನು ನೇರವಾಗಿ ರಾಜ್ಯವಾಗಿ ಸೇರಿಸಿಕೊಳ್ಳಿ ಎಂದು ಕಾಂಗ್ರೆಸ್ಸನ್ನು ಒತ್ತಾಯಿಸಿದವರು ಇದೇ ಟೇಲರ್. ಸಾರೋಟಿನ ಗದ್ದಲದ ಲೋಕಾಭಿರಾಮವೋ, ಕೇಳಿಸಿಕೊಂಡದ್ದರ ದೋಷವೋ. ದಿನಚರಿಯನ್ನಷ್ಟೇ ಓದಿದವರಿಗೆ ಟೇಲರ್ ದೇಶ ಒಡೆಯಲು ಒಪ್ಪಿದ್ದ ದಡ್ಡರಾಗಿ ಉಳಿಯುತ್ತಾರೆ.

ಇನ್ನು ಮೌನಗಳು. 1845ರ ಅಕ್ಟೋಬರ್ 30ರ ರಾತ್ರಿ ಸುಮಾರು ಎಂಟಕ್ಕೆ ಲೆಫ್ಟಿನೆಂಟ್ ಗಿಲೆಸ್ಪಿ ಎಂಬ ನೌಕಾಸೈನಿಕ ಅಧಿಕಾರಿಯ ಜೊತೆ ಪೋಲ್ಕ್ ಗುಟ್ಟಾಗಿ ಮಾತಾಡಿದರು. ಆತ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದವನು. ದಿನಚರಿಯಲ್ಲಿರುವುದು ಇಷ್ಟೇ: ಗುಪ್ತ ಕೆಲಸದ ಬಗ್ಗೆ ಮಾತಾಯಿತು, ಉದ್ದೇಶವೇನೆಂದು ಅವನಿಗೆ ಕೊಟ್ಟ ಸೂಚನೆಗಳಿಂದಲೂ ಮಾಂಟೆರೆಯ ಕಾನ್ಸಲ್ ಲಾರ್ಕಿನ್‌ಗೆ ಬರೆದ ಪತ್ರದಿಂದಲೂ ತಿಳಿಯುತ್ತದೆ, ಅವು ವಿದೇಶಾಂಗ ಇಲಾಖೆಯಲ್ಲಿವೆ. ಕೈ ಕುಲುಕುವಾಗ ಬೆರಳು ಎಲ್ಲಿ ಹಿಡಿಯಬೇಕೆಂದು ಬಿಡಿಸಿ ಬರೆಯುವ ಮನುಷ್ಯ, ಮುಂದಿನ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಅಮೆರಿಕನ್ ವಲಸಿಗರು ಮೆಕ್ಸಿಕೊ ವಿರುದ್ಧ ಎಬ್ಬಿಸಿದ ಬಂಡಾಯದ ಸುತ್ತ ಎದ್ದ ಪ್ರಶ್ನೆಗಳಿಗೆಲ್ಲ ಮೂಲವಾದ ಮಾತುಕತೆಯನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ತಮ್ಮ ಮನೆಯಲ್ಲೂ ಹಾಗೇ. ಅಧ್ಯಕ್ಷರಾಗಿದ್ದಾಗ ಮಿಸಿಸಿಪ್ಪಿಯ ತೋಟಕ್ಕೆ ಪೋಲ್ಕ್ ಮಧ್ಯವರ್ತಿಗಳ ಮೂಲಕ 19 ಗುಲಾಮರನ್ನು ಕೊಂಡರು. ಹೆಚ್ಚಿನವರು ಇನ್ನೂ ಮಕ್ಕಳು. ಇದರಲ್ಲಿ ತಪ್ಪೇನಿಲ್ಲ, ಆದರೆ ನನ್ನ ಸ್ಥಾನದಲ್ಲಿರುವವರಿಗೆ ಇದು ಹೊರಗೆ ಗೊತ್ತಾಗದಿರುವುದು ಮೇಲು ಎಂಬರ್ಥದಲ್ಲಿ ನೆಂಟರಿಗೆ ಪತ್ರ ಬರೆದರು. ಈ ಖರೀದಿಗಳ ಸುಳಿವು ಸಿಗುವುದು ಆ ಪತ್ರಗಳಲ್ಲಿ. ಗೆದ್ದ ನೆಲದಲ್ಲಿ ಗುಲಾಮಗಿರಿ ಕೂಡದು ಎಂದು 1846ರ ಆಗಸ್ಟ್‌ನಲ್ಲಿ ಕಾಂಗ್ರೆಸ್ ಸದಸ್ಯ ವಿಲ್ಮಟ್ ತಿದ್ದುಪಡಿ ತಂದಾಗ, ಮೆಕ್ಸಿಕೊ ಜೊತೆಗಿನ ಶಾಂತಿಗೂ ಗುಲಾಮಗಿರಿಗೂ ಏನು ಸಂಬಂಧವೋ ತಿಳಿಯದು ಎಂದು ಬರೆದದ್ದು ಮಾತ್ರ ದಿನಚರಿಯಲ್ಲಿದೆ. ತೋಟದ ಲೆಕ್ಕವನ್ನು ಪಕ್ಕದಲ್ಲಿಟ್ಟು ಓದದಿದ್ದರೆ ಆ ಸಾಲು ಬರೀ ಬೆರಗಿನ ಸಾಲಾಗಿ ಕಾಣುತ್ತದೆ.

ಮೇ 9ರ ಪುಟದ ಪ್ರಾಮಾಣಿಕತೆಯನ್ನು ಪರವಾದಿಗಳು ಬಹಳ ಕೊಂಡಾಡುತ್ತಾರೆ. ಪ್ರಾಮಾಣಿಕತೆ ಯಾರ ಮುಂದೆ? ಎರಡೇ ದಿನದ ಮೇಲೆ, ಮೇ 11ರಂದು, ಕಾಂಗ್ರೆಸ್ಸಿಗೆ ಹೋದ ಸಂದೇಶದಲ್ಲಿ ಮೆಕ್ಸಿಕೊ ಅಮೆರಿಕದ ನೆಲದಲ್ಲಿ ಅಮೆರಿಕನ್ನರ ರಕ್ತ ಹರಿಸಿದೆ ಎಂದಿತ್ತು. ಸುದ್ದಿ ಬರುವ ಮೊದಲೇ ಸಂಪುಟ ಯುದ್ಧಕ್ಕೆ ಒಪ್ಪಿತ್ತು ಎಂದಿರಲಿಲ್ಲ, ಬ್ಯಾಂಕ್ರಾಫ್ಟ್ ಒಪ್ಪಿರಲಿಲ್ಲ ಎಂದೂ ಇರಲಿಲ್ಲ. ಪ್ರತಿನಿಧಿ ಸಭೆಯಲ್ಲಿ ಚರ್ಚೆಗೆ ಕೊಟ್ಟದ್ದು ಎರಡು ಗಂಟೆ. ಅದರಲ್ಲಿ ಒಂದೂವರೆ ಗಂಟೆ ದಾಖಲೆ ಓದುವುದಕ್ಕೇ ಹೋಯಿತು. ಯುದ್ಧಕ್ಕೆ ಒಪ್ಪಿಗೆ ಸಿಕ್ಕಿದ್ದು ಅಲ್ಲಿ 174ಕ್ಕೆ 14, ಮರುದಿನ ಸೆನೆಟ್ಟಿನಲ್ಲಿ 40ಕ್ಕೆ 2 ಮತಗಳಿಂದ. ಅದು ಯಾವ ಜಾಗ, ನಿಜವಾಗಿ ಯಾರ ನೆಲ ಎಂದು 1847ರ ಡಿಸೆಂಬರ್‌ನಲ್ಲಿ ಲಿಂಕನ್ ಎಂಬ ಹೊಸ ಸದಸ್ಯರು ಸದನದಲ್ಲಿ ಕೇಳಿದರು; ಅಧ್ಯಕ್ಷರು ಉತ್ತರ ಕೊಡಲಿಲ್ಲ. ಸುಮಾರು 13,000 ಅಮೆರಿಕನ್ ಸೈನಿಕರು ಸತ್ತರು, ಬಹುಪಾಲು ರೋಗದಿಂದ. ಮತ ಹಾಕಿದವರಿಗೆ ಬೇಕಿದ್ದ ಸತ್ಯ ಪೆಟ್ಟಿಗೆಯೊಳಗಿತ್ತು. ಅಚ್ಚಾಗಿ ಹೊರಬಂದದ್ದು 64 ವರ್ಷದ ಮೇಲೆ.

ಮೆಕ್ಸಿಕೊದ ಮಾಜಿ ಅಧ್ಯಕ್ಷ, ಸೇನಾಪತಿ ಸಾಂತಾ ಅನಾ ಪ್ರಸಂಗದಲ್ಲಿ ದಿನಚರಿಯ ಇನ್ನೊಂದು ಮಿತಿ ಕಾಣುತ್ತದೆ. 1846ರ ಫೆಬ್ರವರಿ 13ರಂದು ಅತೋಚಾ ಎಂಬಾತ ಬಂದು, ಹವಾನಾದಲ್ಲಿ ದೇಶಭ್ರಷ್ಟರಾಗಿರುವ ಸಾಂತಾ ಅನಾ ಮತ್ತೆ ಅಧಿಕಾರಕ್ಕೆ ಬಂದರೆ ಮೂರು ಕೋಟಿ ಡಾಲರಿಗೆ ನೆಲ ಬಿಟ್ಟುಕೊಡಲು ತಯಾರು ಎಂದ. ಪೋಲ್ಕ್ ಮಾತುಕತೆಯನ್ನು ವಿವರವಾಗಿ ಬರೆದರು. ಅತೋಚಾ ನಂಬಿಕೆಗೆ ಅರ್ಹನಲ್ಲ ಎಂಬ ಅನುಮಾನವನ್ನೂ ಬರೆದರು. ಅಷ್ಟಿದ್ದೂ ಮೇ 13ರಂದು, ಯುದ್ಧ ಘೋಷಣೆಯಾದ ದಿನವೇ, ಸಾಂತಾ ಅನಾ ಬಂದರೆ ತಡೆಯಬೇಡಿ ಎಂದು ದಿಗ್ಬಂಧನ ಹಾಕಿದ್ದ ನೌಕಾದಳಕ್ಕೆ ಆದೇಶ ಹೋಯಿತು. ಆಗಸ್ಟ್ 16ರಂದು ಆತ ವೆರಾಕ್ರೂಜ್‌ನಲ್ಲಿ ಇಳಿದ. ನೆಲ ಮಾರುವುದಿರಲಿ, ಸೇನೆ ಕಟ್ಟಿ ಮುಂದಿನ ಫೆಬ್ರವರಿಯಲ್ಲಿ ಬ್ಯೂನಾ ವಿಸ್ತಾದಲ್ಲಿ ಟೇಲರ್ ಮೇಲೆಯೇ ಎರಗಿದ. ಶತ್ರುವಿಗೆ ಸೇನಾಪತಿಯನ್ನು ತಾನೇ ತಲುಪಿಸಿದ ಈ ಎಡವಟ್ಟನ್ನು ಕಣ್ಣಿಟ್ಟು ಓದುವವರು ದಿನಚರಿಯಿಂದಲೇ ಜೋಡಿಸಿಕೊಳ್ಳಬಹುದು, ನಿಜ. ಬರೆದವರು ಮಾತ್ರ ಅದನ್ನು ಎಡವಟ್ಟೆಂದು ಎದುರಿಸುವುದಿಲ್ಲ. ದಿನದಿನದ ವಿವರ ಅಚ್ಚುಕಟ್ಟಾಗಿದೆ, ದಿನಗಳನ್ನು ಕೂಡಿಸಿ ನೋಡುವ ಕಣ್ಣಿಲ್ಲ.

ಶ್ರಮದ ಬಗ್ಗೆ ಒಂದು ಮಾತು. ಈ ದೇಶದಲ್ಲಿ ನನ್ನಷ್ಟು ದುಡಿಯುವವರಿಲ್ಲ, ಅಧೀನರಿಗೆ ಒಪ್ಪಿಸುವ ಬದಲು ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ ಎಂದು ಪೋಲ್ಕ್ ಮತ್ತೆ ಮತ್ತೆ ಬರೆಯುತ್ತಾರೆ. ಓದುಗರು ಅದನ್ನು ಸಾಮರ್ಥ್ಯ ಎಂದು ಓದಿಬಿಡುತ್ತಾರೆ. ಹುದ್ದೆ ಬೇಡುವವರನ್ನು ಗಂಟೆಗಟ್ಟಲೆ ಶಪಿಸುತ್ತಲೇ ಬಾಗಿಲು ತೆರೆದಿಟ್ಟರು. ಪಕ್ಷದವರಿಗೆ ಹುದ್ದೆ ಹಂಚುವ ಪದ್ಧತಿಯನ್ನೇ ಮುರಿಯಲು ಏನೂ ಮಾಡಲಿಲ್ಲ. ಅದಕ್ಕೆ ಕಾನೂನು ಬಂದದ್ದು 1883ರಲ್ಲಿ. ಹೇಸರಗತ್ತೆಯ ದರ ಅಧ್ಯಕ್ಷರ ಮೇಜಿಗೆ ಬರುವುದು ಸರಬರಾಜು ಇಲಾಖೆ ಕೆಟ್ಟಿದೆ ಎಂಬುದರ ಗುರುತೂ ಹೌದು, ಅಧ್ಯಕ್ಷರಿಗೆ ಯಾರ ಮೇಲೂ ನಂಬಿಕೆಯಿಲ್ಲ ಎಂಬುದರ ಗುರುತೂ ಹೌದು. ಇಬ್ಬರು ಮುಖ್ಯ ಸೇನಾಪತಿಗಳಾದ ಟೇಲರ್, ಸ್ಕಾಟ್ ವಿರೋಧ ಪಕ್ಷದ ಒಲವಿನವರೆಂದು, ಅವರ ತಲೆಯ ಮೇಲೆ ಸೆನೆಟರ್ ಬೆಂಟನ್‌ರನ್ನು ಲೆಫ್ಟಿನೆಂಟ್ ಜನರಲ್ ಮಾಡಿ ಕೂರಿಸಲು ಹೊರಟದ್ದೂ ಇದೇ ಅಪನಂಬಿಕೆಯಿಂದ. ಕಾಂಗ್ರೆಸ್ಸು ಒಪ್ಪದೆ ಅದು ತಪ್ಪಿತು.

ಟ್ರಿಸ್ಟ್ ವಿಷಯದಲ್ಲಿ ಪೋಲ್ಕ್ ತಮ್ಮ ಕೋಪದ ವಿರುದ್ಧ ತೀರ್ಪು ಕೊಟ್ಟರು ಎನ್ನುತ್ತಾರೆ. ಅರ್ಧ ತೀರ್ಪು. ಒಪ್ಪಂದವನ್ನು ಇಟ್ಟುಕೊಂಡರು, ಮಾಡಿದವನನ್ನು ಬಿಟ್ಟರು. 1848ರ ಜನವರಿ 15ರ ಪುಟದಲ್ಲಿ ಟ್ರಿಸ್ಟ್ ಮಾನವಿಲ್ಲದ, ನೀತಿಯಿಲ್ಲದ ನೀಚ. ಎರಡು ತಿಂಗಳು ಕಳೆಯುವುದರೊಳಗೆ ಆ ನೀಚನ ಸಹಿಯಿದ್ದ ಕಾಗದ ಅಧ್ಯಕ್ಷರ ಆಡಳಿತದ ಅತಿದೊಡ್ಡ ಸಾಧನೆಯಾಯಿತು. ಜನವರಿಯ ಮಾತನ್ನು ಹಿಂತೆಗೆದ ಸಾಲು ದಿನಚರಿಯಲ್ಲಿ ಎಲ್ಲೂ ಬರುವುದಿಲ್ಲ. ವಾಪಸು ಕರೆದ ಆದೇಶ ಕೈಗೆ ಮುಟ್ಟಿದ ದಿನದಿಂದಾಚೆಗೆ ಟ್ರಿಸ್ಟ್‌ಗೆ ಸಂಬಳ ಕೊಡಲಿಲ್ಲ, ಕೆಲಸವೂ ಹೋಯಿತು. ಬಾಕಿಯನ್ನು ಕಾಂಗ್ರೆಸ್ಸು ಮಂಜೂರು ಮಾಡಿದ್ದು 1871ರಲ್ಲಿ. ಆಗ ಪೋಲ್ಕ್ ತೀರಿಕೊಂಡು 22 ವರ್ಷವಾಗಿತ್ತು, ಟ್ರಿಸ್ಟ್‌ಗೆ ಎಪ್ಪತ್ತು ದಾಟಿತ್ತು.